ಮಳೆಗಾಲಕ್ಕೆ ಯಾವ ಸೈಕಲ್, ಮೈಮೇಲೆ ಏನು: ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸಕ್ಕೆ ಸೈಕಲ್ ಹೊಡೆಯುವವರಿಗೆ

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಲು ಇನ್ನೂ ಎರಡು ದಿನ ಇರುವಾಗ ಅಕ್ಕನ ಮಗ ಫೋನ್ ಮಾಡಿದ. ಗೋಕುಲ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಉಣಕಲ್‌ನಲ್ಲಿ ಖೋಲಿ ಹಿಡಿದಿದ್ದಾನೆ, ನಡುವೆ ಐದಾರು ಕಿಲೋಮೀಟರು. “ಮಾಮಾ, ಸೈಕಲ್ ತಗೋಬೇಕಂತ ಮಾಡೇನಿ. ಮಳಿಗಾಲದಾಗ ನಡೀತೈತೇನು? ಇಲ್ಲಾಂದ್ರ ಹಳೇ ಸ್ಕೂಟರ್ ಒಂದ್ ನೋಡ್ಲೇನು?”

ನಡೆಯುತ್ತದೆ. ಹನ್ನೊಂದು ಮಳೆಗಾಲ ನಾನು ನವನಗರದಿಂದ ಹೊಸೂರಿನ ತನಕ ಸೈಕಲ್ ಮೇಲೆಯೇ ಹೋಗಿ ಬಂದಿದ್ದೇನೆ. ಆದರೆ ಯಾವ ಸೈಕಲ್, ಯಾವ ಕೋಟು, ಕಾಲಿಗೆ ಏನು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಅದಕ್ಕೂ ಮೊದಲು ಒಂದು ಮಾತು ತೀರ್ಮಾನವಾಗಬೇಕು: ನೀವು ನೆನೆಯದೆ ಹೋಗಬೇಕೋ, ನೆನೆದು ಹೋಗಿ ಅಲ್ಲಿ ಒಣಬಟ್ಟೆ ಹಾಕಿಕೊಳ್ಳಬೇಕೋ? ನಾನು ಎರಡನೆಯದರ ಕಡೆ. ಒಣಗಿಯೇ ಹೋಗಬೇಕು ಎಂಬ ಹಟ ಹಿಡಿದವರು ಸಾಮಾನ್ಯವಾಗಿ ಆರಿದ್ರಾ ಮಳೆ ಮುಗಿಯುವುದರೊಳಗೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಿಡುತ್ತಾರೆ. ಕೆಳಗೆ ಬರೆದ ಆಯ್ಕೆಗಳೆಲ್ಲ ಈ ಒಂದು ತೀರ್ಮಾನದಿಂದಲೇ ಹುಟ್ಟಿದವು.

ನಮ್ಮ ಮಳೆ ಎರಡು ಥರದ್ದು

ಮೇ ತಿಂಗಳಲ್ಲಿ ಮತ್ತು ಹಿಂಗಾರಿಯ ಚಿತ್ತಾ, ಸ್ವಾತಿ ಮಳೆಗಳಲ್ಲಿ ಸಂಜೆ ನಾಲ್ಕರ ನಂತರ ಕರಿಮೋಡ ಕವಿದು, ಗುಡುಗು ಸಿಡಿಲಿನೊಡನೆ ಸುರಿಯುತ್ತದೆ. ಇದು ಸೈಕಲ್ ಹೊಡೆಯುವ ಮಳೆಯಲ್ಲ. ಯಾವ ಕೋಟೂ, ಯಾವ ಸೈಕಲ್ಲೂ ಇದಕ್ಕೆ ಉತ್ತರವಲ್ಲ. ಕೆಲಸದ ಜಾಗದಲ್ಲೇ ನಿಲ್ಲಬೇಕು. ಹೆಚ್ಚಿನಂಶ ಒಂದು ತಾಸಿನೊಳಗೆ ಕಡಿಮೆಯಾಗುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡದ ಒಳಗೆ ಸೇರಿಕೊಳ್ಳಬೇಕು.

ಇನ್ನೊಂದು, ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಜಿಟಿಜಿಟಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಧಾರವಾಡದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ಅಂಚಿನಲ್ಲಿರುವ ಊರು ಅದು. ಹುಬ್ಬಳ್ಳಿಯಲ್ಲಿ ಬರೀ ಮೋಡ ಇದ್ದಾಗಲೂ ಅಲ್ಲಿ ಸಾಧನಕೇರಿ, ಕೆಲಗೇರಿ ಕಡೆ ಸಣ್ಣಗೆ ಹನಿಯುತ್ತಿರುತ್ತದೆ. ಗದಗಿಗೆ ಹೋಗುವಷ್ಟರಲ್ಲಿ ಅದೇ ಮೋಡದಲ್ಲಿ ನೀರು ಕಡಿಮೆ, ಗಾಳಿ ಹೆಚ್ಚು. ಈ ಜಿಟಿಜಿಟಿಯಲ್ಲಿ ಸೈಕಲ್ ಹೊಡೆಯಬಹುದು. ಹಗಲಿನ ಬಿಸಿ 26-27 ಡಿಗ್ರಿಯ ಸುತ್ತಮುತ್ತ ಇರುತ್ತದೆ. ನೆನೆದರೂ ಪೆಡಲ್ ತುಳಿಯುತ್ತಿರುವ ಮೈ ಬಿಸಿಯಾಗಿಯೇ ಇರುತ್ತದೆ. ಚಳಿ ಹತ್ತುವುದು ನೆನೆದಾಗಲ್ಲ, ನೆನೆದ ಬಟ್ಟೆಯಲ್ಲೇ ಫ್ಯಾನಿನ ಕೆಳಗೆ ಕುಳಿತಾಗ.

ರೇನ್‌ಕೋಟ್, ಪೊಂಚೊ, ಕೊಪ್ಪಿ, ವಿಂಡ್‌ಚೀಟರ್

ಅಂಗಡಿಯಲ್ಲಿ ಮೊದಲು ತೋರಿಸುವುದು ಪ್ಯಾಂಟು-ಕೋಟು ಎರಡೂ ಇರುವ ದಪ್ಪ ರೇನ್‌ಕೋಟ್. ಅದು ಸ್ಕೂಟರಿನವರಿಗಾಗಿ ಮಾಡಿದ್ದು, ಅವರಿಗೆ ಅದು ಸರಿ. ಸ್ಕೂಟರಿನ ಮೇಲೆ ಮೈ ಸುಮ್ಮನೆ ಕುಳಿತಿರುತ್ತದೆ, ಸೈಕಲ್ ಮೇಲೆ ಮೈ ದುಡಿಯುತ್ತಿರುತ್ತದೆ. ನವನಗರದಿಂದ ಭೈರಿದೇವರಕೊಪ್ಪ ದಾಟುವಷ್ಟರಲ್ಲಿ ಒಳಗೆ ಬೆವರು ಹರಿಯತೊಡಗುತ್ತದೆ. ಮಳೆ ಹೊರಗೇ ಉಳಿಯಿತು ನಿಜ, ಆದರೆ ಬನಿಯನ್ ಹಿಂಡಿದರೆ ನೀರು ಬರುತ್ತದೆ. ಪ್ಯಾಂಟಿನ ಅಗಲ ಕಾಲುಗಳು ಚೈನಿಗೆ ಸಿಕ್ಕಿ ಹರಿಯುವುದು ಬೇರೆ.

ಪೊಂಚೊ, ಅಂದರೆ ತಲೆಯ ಮೇಲಿಂದ ಇಳಿಬಿಡುವ ತೋಳಿಲ್ಲದ ಹೊದಿಕೆ. ಕೆಳಗಿನಿಂದ ಗಾಳಿ ಆಡುವುದರಿಂದ ಬೆವರು ಕಡಿಮೆ; ಮುಂದಿನ ಅಂಚನ್ನು ಹ್ಯಾಂಡಲ್ ಮೇಲೆ ಹರಡಿಕೊಂಡರೆ ತೊಡೆಯೂ ನೆನೆಯುವುದಿಲ್ಲ. ಗಾಳಿ ಇಲ್ಲದ ದಿನ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮಲ್ಲಿ ಆಷಾಢವೆಂದರೆ ಗಾಳಿ. ಉಣಕಲ್ ಕೆರೆಯ ಪಕ್ಕ ಬಂದಾಗ ಅಡ್ಡಗಾಳಿ ಬೀಸಿದರೆ ಪೊಂಚೊ ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಬಸ್ಸಿನ ಕಡೆ ತಳ್ಳುತ್ತದೆ. ಒಮ್ಮೆ ಹಾಗಾದ ಮೇಲೆ ನಾನು ಅದನ್ನು ಮತ್ತೆ ಮುಟ್ಟಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಗದಗ-ಬೆಟಗೇರಿಯವರು ಪೊಂಚೊದ ವಿಚಾರವನ್ನೇ ಬಿಡುವುದು ಒಳ್ಳೆಯದು.

ಗೊಬ್ಬರದ ಚೀಲದ ಕೊಪ್ಪಿ ಹೊಲದಲ್ಲಿ ಬಾಗಿ ಕಳೆ ತೆಗೆಯುವವರಿಗೆ ಹೇಳಿ ಮಾಡಿಸಿದ್ದು. ಬೆನ್ನಿನ ಮೇಲಿನಿಂದ ನೀರು ಜಾರಿ ಹೋಗುತ್ತದೆ, ಕೈ ಎರಡೂ ಖಾಲಿ. ಸೈಕಲ್ ಮೇಲೆ ಮಾತ್ರ ಅದು ಕಿವಿ-ಕಣ್ಣಿನ ಪಕ್ಕವನ್ನು ಮುಚ್ಚಿಬಿಡುತ್ತದೆ. ಹಿಂದಿನಿಂದ ಬರುವ ಟ್ರ್ಯಾಕ್ಟರ್ ಕೇಳುವುದಿಲ್ಲ. ರೇನ್‌ಕೋಟಿನ ಟೊಪ್ಪಿಗೆಯದೂ ಇದೇ ತೊಂದರೆ: ಕತ್ತು ತಿರುಗುತ್ತದೆ, ಟೊಪ್ಪಿಗೆ ತಿರುಗುವುದಿಲ್ಲ. ಹೆಲ್ಮೆಟ್ಟಿನ ಕೆಳಗೆ ಮುಂಚಾಚು ಇರುವ ತೆಳು ಕ್ಯಾಪ್ ಹಾಕಿದರೆ ಚಸ್ಮಾದ ಮೇಲೆ ಹನಿ ಬೀಳುವುದು ಬಹಳಷ್ಟು ತಪ್ಪುತ್ತದೆ. ಕೊಡೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವವರನ್ನು ದಿನಾ ನೋಡುತ್ತೇನೆ. ಅವರಿಗೆ ಒಂದೇ ಬ್ರೇಕ್ ಉಳಿದಿರುತ್ತದೆ. ದಯವಿಟ್ಟು ಬೇಡ.

ನನ್ನ ಆಯ್ಕೆ ತೆಳು ನೈಲಾನಿನ ವಿಂಡ್‌ಚೀಟರ್, ಕೆಳಗೆ ಮೊಣಕಾಲಿನ ತನಕದ ಚಡ್ಡಿ. ಅರ್ಧ ತಾಸಿನ ಜಿಟಿಜಿಟಿಯಲ್ಲಿ ವಿಂಡ್‌ಚೀಟರ್ ನೆನೆಯುತ್ತದೆ, ಆದರೆ ಗಾಳಿ ತಡೆಯುತ್ತದೆ. ಮೊಳೆಗೆ ತೂಗುಹಾಕಿದರೆ ಮಧ್ಯಾಹ್ನ ಬುತ್ತಿ ಬಿಚ್ಚುವಷ್ಟರಲ್ಲಿ ಒಣಗಿರುತ್ತದೆ. ಒಳಗೆ ಹತ್ತಿಯ ಬನಿಯನ್ನಿಗಿಂತ ಆಟಗಾರರು ಹಾಕುವ ಪಾಲಿಯೆಸ್ಟರ್ ಟಿ-ಶರ್ಟ್ ಮೇಲು. ಹತ್ತಿ ನೀರು ಹಿಡಿದುಕೊಂಡು ಮೈಗೆ ಅಂಟುತ್ತದೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಊರಿನದೇ; ಖಾದಿಯ ಮೇಲೆ ನನಗೆ ಬಹಳ ಪ್ರೀತಿ, ವರ್ಷದ ಎಂಟು ತಿಂಗಳು ಅದನ್ನೇ ಹಾಕುತ್ತೇನೆ. ಮಳೆಗಾಲದಲ್ಲಿ ಅದು ಆಫೀಸಿನ ಡ್ರಾಯರಿನಲ್ಲಿ ಒಣಗಿ ಕುಳಿತು ನನಗಾಗಿ ಕಾಯುತ್ತದೆ.

ಸೋಮವಾರ ಎರಡು ಅಂಗಿ, ಒಂದು ಪ್ಯಾಂಟು, ಒಂದು ಟವೆಲ್ ಅಲ್ಲಿ ಇಟ್ಟುಬಿಡಿ. ಶನಿವಾರ ಮನೆಗೆ ತನ್ನಿ. ಇದಕ್ಕೆ ಬೇಕಾಗಿದ್ದು ಬಾಗಿಲು ಇರುವ ಒಂದು ಮೂಲೆ, ಒಂದು ಹಗ್ಗ. ಹಿಂದೆ ನಾನಿದ್ದ ಒಂದು ಕಡೆ ಒದ್ದೆ ಬಟ್ಟೆ ತೂಗುಹಾಕಲು ಒಂದು ಮೊಳೆ ಹೊಡೆಯಲಿಕ್ಕೂ ಬಿಡಲಿಲ್ಲ. ಇಡೀ ಜುಲೈ ಒದ್ದೆ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುರ್ಚಿಯ ಕೆಳಗೆ ಇಟ್ಟುಕೊಂಡೆ, ಸಂಜೆ ಅದೇ ವಾಸನೆಯ ಕೋಟನ್ನು ಹಾಕಿಕೊಂಡೆ. ಆ ಸಿಟ್ಟು ಇನ್ನೂ ಹೋಗಿಲ್ಲ. ನನ್ನ ಜೊತೆ ಕೆಲಸ ಮಾಡುವ ಅಕ್ಕೋರೊಬ್ಬರು ಚೂಡಿದಾರದಲ್ಲಿ ಸೈಕಲ್ ಹೊಡೆದುಕೊಂಡು ಬಂದು ಇಲ್ಲಿ ಸೀರೆ ಉಡುತ್ತಾರೆ; ಬಾಗಿಲಿಗೆ ಒಳಚಿಲಕ ಇರುವ ಕೋಣೆ ಕೊಟ್ಟ ಮೇಲೆ ಅವರು ಒಂದು ದಿನವೂ ಸೈಕಲ್ ಬಿಟ್ಟಿಲ್ಲ. ಮಾಲೀಕರನ್ನು ಕೇಳುವುದಾದರೆ ಸೈಕಲ್ ಸ್ಟ್ಯಾಂಡಿಗಿಂತ ಮೊದಲು ಇದನ್ನು ಕೇಳಿ.

ಸೈಕಲ್: ಮೊದಲು ಬ್ರೇಕ್ ನೋಡಿ, ಬಣ್ಣ ಆಮೇಲೆ

ನಮ್ಮ ಊರುಗಳಲ್ಲಿ ಸಿಗುವವು ಮುಖ್ಯವಾಗಿ ನಾಲ್ಕು. ಅಪ್ಪನ ಕಾಲದ ಕರಿ ಸೈಕಲ್. ಲೇಡೀಸ್ ಸೈಕಲ್; 2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳ ಪೈಕಿ ಹೆಣ್ಣುಮಕ್ಕಳದು ಈ ಥರದ್ದು, ಈಗಲೂ ಎಷ್ಟೋ ಮನೆಗಳ ಹಿತ್ತಲಲ್ಲಿ ನಿಂತಿವೆ. ದಪ್ಪ ಗಡ್ಡೆ ಟೈರಿನ ಗೇರ್ ಸೈಕಲ್, ಅಂದರೆ ಹುಡುಗರು ಎಂಟಿಬಿ ಅನ್ನುವುದು. ಮತ್ತೆ ಹೈಬ್ರಿಡ್: ನೇರ ಹ್ಯಾಂಡಲ್, ನಡು ಅಗಲದ ಟೈರು.

ಕರಿ ಸೈಕಲ್ಲಿನಲ್ಲಿ ಮಳೆಗೆ ಬೇಕಾದ್ದೆಲ್ಲ ಇದೆ, ಒಂದನ್ನು ಬಿಟ್ಟು. ಪೂರ್ತಿ ಮಡ್‌ಗಾರ್ಡ್, ಪೂರ್ತಿ ಚೈನ್‌ಕವರ್, ಗಟ್ಟಿ ಕ್ಯಾರಿಯರ್. ಯಾವ ಹಳ್ಳಿಯಲ್ಲಿ ಕೆಟ್ಟರೂ ಸಾಮಾನು ಸಿಗುತ್ತದೆ. ಕೊರತೆ ಎಂದರೆ ಬ್ರೇಕ್. ರಿಮ್ ಉಕ್ಕಿನದು, ಮೇಲೆ ಕ್ರೋಮ್ ಹೊಳಪು. ಒದ್ದೆಯಾದ ಹೊಳಪು ಉಕ್ಕಿನ ಮೇಲೆ ಬ್ರೇಕ್ ರಬ್ಬರ್ ಸಾಬೂನಿನಂತೆ ಜಾರುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಮೊದಲ ವರ್ಷದ ಮೊದಲ ಮಳೆಯಲ್ಲಿ. ಭೈರಿದೇವರಕೊಪ್ಪ ದಾಟಿ ಉಣಕಲ್ ಕಡೆ ಇಳಿಯುತ್ತಿದ್ದೆ, ಮುಂದಿನ ಆಟೊ ನಿಂತಿತು, ಎರಡೂ ಬ್ರೇಕ್ ಹಿಡಿದೆ. ಕಡ್ಡಿಗಳು ಪೂರ್ತಿ ಮೇಲೆ ಬಂದವು, ರಬ್ಬರ್ ರಿಮ್ಮನ್ನು ಒತ್ತಿದ್ದು ಕೈಗೆ ತಿಳಿಯಿತು, ಸೈಕಲ್ ಮಾತ್ರ ಹೋಗುತ್ತಲೇ ಇತ್ತು. ಎಡಕ್ಕೆ ಎಳೆದು ಕಟ್ಟಡದ ಕೆಲಸಕ್ಕೆ ಹಾಕಿದ್ದ ಉಸುಕಿನ ಗುಡ್ಡೆಗೆ ನುಗ್ಗಿಸಿದೆ. ಮೊಣಕೈ ತರಚಿತು, ಅಷ್ಟೇ. ಸಂಜೆ ಸೈಕಲ್ ಶಾಪಿನ ಕಾಕಾ ರಿಮ್ಮಿನ ಮೇಲೆ ಬೆರಳು ಎಳೆದು ತೋರಿಸಿದರು: ಬೆರಳಿನ ತುದಿಯಲ್ಲಿ ಕರಿ ಎಣ್ಣೆ, ಧೂಳು, ನೀರು ಕೂಡಿದ ತೆಳು ಪದರ. “ಮದ್ಲ ನೀರ ಒರಸ್ಬೇಕ ತಮ್ಮಾ, ಆಮ್ಯಾಲ ಹಿಡೀಬೇಕ” ಎಂದರು. ಅಂದರೆ ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕನ್ನು ಹಗುರವಾಗಿ ಹಿಡಿಯಬೇಕು. ಗಾಲಿ ತಿರುಗುತ್ತ ಹೋದಂತೆ ರಬ್ಬರ್ ನೀರನ್ನು ಒರಸಿ ಹಾಕುತ್ತದೆ. ಆಮೇಲೆ ಗಟ್ಟಿ ಹಿಡಿದರೆ ಕಚ್ಚುತ್ತದೆ. ಕರಿ ಸೈಕಲ್ ಇರುವವರು ಅದನ್ನು ಮಾರಬೇಕಾಗಿಲ್ಲ, ಈ ಒಂದು ಅಭ್ಯಾಸ ಕೈಗೆ ಬರಬೇಕು.

ಹೊಸದು ಕೊಳ್ಳುವವರು ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅದು ರಿಮ್ಮಿಗೆ ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ರಬ್ಬರ್ ಬ್ರೇಕ್ ಇರುವ ಸೈಕಲ್ ಕೊಳ್ಳುವುದಾದರೆ ಅಲ್ಯೂಮಿನಿಯಂ ರಿಮ್ಮೇ ಬೇಕು. ಒದ್ದೆಯಲ್ಲಿ ಎರಡಕ್ಕೂ ಬಹಳ ಅಂತರವಿದೆ. ಅಂಗಡಿಯವರಿಗೆ ಇದನ್ನು ಕೇಳಿದರೆ “ಎಲ್ಲಾ ಒಂದ ರೀ” ಅನ್ನುತ್ತಾರೆ, ಅಯಸ್ಕಾಂತ ಹಾಗನ್ನುವುದಿಲ್ಲ. ಡಿಸ್ಕ್ ಬ್ರೇಕ್ ಇನ್ನೂ ಮೇಲು. ಅದರ ತಟ್ಟೆ ಗಾಲಿಯ ನಡುವೆ, ರಸ್ತೆಯ ನೀರಿನಿಂದ ಎತ್ತರದಲ್ಲಿ ಇರುತ್ತದೆ. ರಿಮ್ಮಿಗೆ ಎಷ್ಟು ಕೆಸರು ಹತ್ತಿದರೂ ಹಿಡಿತ ಕೆಡುವುದಿಲ್ಲ. ಆದರೆ ತೀರ ಅಗ್ಗದ ಡಿಸ್ಕ್‌ಗಳು ಮೂರು ತಿಂಗಳಲ್ಲಿ ಕಿರುಗುಟ್ಟತೊಡಗುತ್ತವೆ, ಸಣ್ಣ ಊರುಗಳಲ್ಲಿ ಪ್ಯಾಡ್ ಸಿಗುವುದು ಕಷ್ಟ. ಹುಬ್ಬಳ್ಳಿಯವರು ಡಿಸ್ಕ್ ತೆಗೆದುಕೊಳ್ಳಬಹುದು. ಹಾವೇರಿ ಜಿಲ್ಲೆಯ ಹಳ್ಳಿಯಲ್ಲಿದ್ದು ಹತ್ತಿರದ ಪೇಟೆಗೆ ಹೋಗಿಬರುವವರಿಗೆ ಅಲ್ಯೂಮಿನಿಯಂ ರಿಮ್ಮು, ರಬ್ಬರ್ ಬ್ರೇಕ್ ಸಾಕು. ರಬ್ಬರ್ ಮಳೆಗಾಲದಲ್ಲಿ ಬೇಗ ಸವೆಯುತ್ತದೆ, ಉಸುಕು ತಿಂದು ಹಾಕುತ್ತದೆ. ಜೂನ್‌ನಲ್ಲಿ ಹೊಸ ಜೋಡಿ ಹಾಕಿಸಿ, ಆಗಸ್ಟ್‌ನಲ್ಲಿ ಮತ್ತೊಮ್ಮೆ ನೋಡಿ.

ಎರೆಮಣ್ಣು

ಮಡ್‌ಗಾರ್ಡ್ ಬಗ್ಗೆ ಹೇಳದೆ ಹೋದರೆ ನಮ್ಮ ಸೀಮೆಯ ಮಾತೇ ಆಗುವುದಿಲ್ಲ. ಎಂಟಿಬಿಗಳು ಮಡ್‌ಗಾರ್ಡ್ ಇಲ್ಲದೆಯೇ ಬರುತ್ತವೆ. ಹಿಂದಿನ ಗಾಲಿ ಎರಚಿದ ಕೆಸರು ಬೆನ್ನ ಮೇಲೆ ಸೊಂಟದಿಂದ ಕತ್ತಿನ ತನಕ ಒಂದು ಕಂದು ಪಟ್ಟಿ ಎಳೆಯುತ್ತದೆ. ಮೇಲಿನಿಂದ ಬೀಳುವ ಮಳೆಗಿಂತ ಕೆಳಗಿನಿಂದ ಬರುವ ಈ ನೀರೇ ಕೆಟ್ಟದ್ದು, ಚರಂಡಿಯದೂ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಮಡ್‌ಗಾರ್ಡ್ ಬೇಕೇ ಬೇಕು.

ಆದರೆ ಧಾರವಾಡದ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ನೆಲ ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುವ ಅದೇ ಕರಿಮಣ್ಣು ನೀರು ಕುಡಿದರೆ ಅಂಟಾಗುತ್ತದೆ. ಒಂದು ಜುಲೈ ಭಾನುವಾರ ಅಣ್ಣಿಗೇರಿಯ ಆಚೆ ನೆಂಟರ ಹೊಲಕ್ಕೆಂದು ಡಾಂಬರು ಬಿಟ್ಟು ದಾರಿಗೆ ಇಳಿಸಿದೆ. ಇಪ್ಪತ್ತು ಮಾರು ಹೋಗಿರಬಹುದು. ಮಣ್ಣು ಟೈರಿಗೆ ಪದರ ಪದರವಾಗಿ ಸುತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿತು, ಅದರಲ್ಲಿ ಹುಲ್ಲು, ಸಣ್ಣ ಕಲ್ಲು ಸೇರಿ ಗೋಡೆ ಕಟ್ಟಿದಂತಾಯಿತು. ಗಾಲಿ ನಿಂತೇ ಹೋಯಿತು. ತಳ್ಳಿದರೆ ಗಾಲಿ ತಿರುಗದೆ ಜಾರುತ್ತದೆ, ಎತ್ತಿದರೆ ಸೈಕಲ್ಲಿಗಿಂತ ಮಣ್ಣೇ ಭಾರ. ಬೇವಿನ ಕಡ್ಡಿ ಮುರಿದು ಮುಕ್ಕಾಲು ತಾಸು ಕೆದಕಿ ತೆಗೆದೆ. ಉಗುರಿನ ಸಂದಿಯ ಕರಿ ಎರಡು ದಿನ ಹೋಗಲಿಲ್ಲ.

ಹಾಗಾಗಿ ಪೂರ್ವದ ಕಡೆಯವರು, ದಾರಿಯಲ್ಲಿ ಅರ್ಧ ಕಿಲೋಮೀಟರು ಮಣ್ಣಿನ ಹಾದಿ ಇದ್ದರೂ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಆಡುವಷ್ಟು ಸಂದು ಇರುವುದನ್ನು ತೆಗೆದುಕೊಳ್ಳಬೇಕು. ಎತ್ತರಕ್ಕೆ ಕಟ್ಟುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಅವರಿಗೆ ಸರಿ. ಧಾರವಾಡದ ಪಶ್ಚಿಮಕ್ಕೆ ಇರುವ ಕೆಮ್ಮಣ್ಣು ಇಷ್ಟು ಅಂಟುವುದಿಲ್ಲ. ಅಲ್ಲಿ, ಮತ್ತು ಬರೀ ಡಾಂಬರಿನ ಮೇಲೆ ಹೋಗುವ ಪೇಟೆಯವರಿಗೆ, ಗಾಲಿಯನ್ನು ಅಪ್ಪಿ ಕುಳಿತ ಪೂರ್ತಿ ಮಡ್‌ಗಾರ್ಡೇ ಮೇಲು. ಪೇಟೆಯಲ್ಲೂ ಎರೆಮಣ್ಣು ಸಿಗುತ್ತದೆ, ಪೈಪು ಹಾಕಲು ರಸ್ತೆ ಅಗೆದು ಮುಚ್ಚಿದ ಜಾಗಗಳಲ್ಲಿ. ಅಂಥ ಕಡೆ ಇಳಿದು ಹತ್ತು ಹೆಜ್ಜೆ ಸೈಕಲ್ ಎತ್ತಿಕೊಂಡು ನಡೆಯಿರಿ.

ಟೈರಿನ ವಿಷಯದಲ್ಲಿ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ: ಗಡ್ಡೆ ದೊಡ್ಡದಿದ್ದಷ್ಟೂ ಮಳೆಯಲ್ಲಿ ಹಿಡಿತ ಹೆಚ್ಚು ಅಂತ. ಡಾಂಬರಿನ ಮೇಲೆ ಹಾಗಲ್ಲ. ರಬ್ಬರ್ ಹೆಚ್ಚು ತಾಗಿದಷ್ಟೂ ಹಿಡಿತ. ಗಡ್ಡೆ ಟೈರು ತುದಿಗಳ ಮೇಲಷ್ಟೇ ನಿಂತಿರುತ್ತದೆ, ತುಳಿಯಲೂ ಭಾರ. ನಡು ಅಗಲದ, ಸಣ್ಣ ಗೀರಿನ ಟೈರು ಹಾಕಿ, ಗಾಳಿಯನ್ನು ಬೇಸಿಗೆಯಲ್ಲಿ ಹಾಕುವುದಕ್ಕಿಂತ ತುಸು ಕಡಿಮೆ ಇಡಿ. ಪಂಕ್ಚರ್ ಮಾತ್ರ ಮಳೆಗಾಲದಲ್ಲಿ ಹೆಚ್ಚು, ಯಾಕೆಂದರೆ ಒದ್ದೆ ರಬ್ಬರಿನೊಳಗೆ ಗಾಜು, ತಂತಿ ಸುಲಭವಾಗಿ ಇಳಿಯುತ್ತವೆ. ಬ್ಯಾಗಿನಲ್ಲಿ ಒಂದು ಟ್ಯೂಬು, ಸಣ್ಣ ಪಂಪು ಇರಲಿ. ಒದ್ದೆ ಟ್ಯೂಬಿಗೆ ಸೊಲ್ಯೂಷನ್ ಹತ್ತುವುದಿಲ್ಲ, ದಾರಿಯಲ್ಲಿ ಟ್ಯೂಬು ಬದಲಿಸುವುದೇ ಸುಲಭ.

ಗೇರ್ ಬೇಕೋ ಬೇಡವೋ ಎಂಬುದು ನೀವು ಯಾವ ಕಡೆ ಹೋಗುತ್ತೀರಿ ಎಂಬುದರ ಮೇಲೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಹಾಗಾಗಿ ಹುಬ್ಬಳ್ಳಿಯಿಂದ ಮುಂಜಾನೆ ಧಾರವಾಡದ ಕಡೆ ಹೊರಟವರಿಗೆ ಏರೂ ಎದುರುಗಾಳಿಯೂ ಒಟ್ಟಿಗೆ. ಅವರಿಗೆ ಗೇರ್ ಬೇಕು. ಊರೊಳಗೆ ನಾಲ್ಕು ಕಿಲೋಮೀಟರಿನವರಿಗೆ ಗೇರ್ ಇಲ್ಲದ್ದೇ ಒಳ್ಳೆಯದು, ಮಳೆಗಾಲದಲ್ಲಿ ಕೆಡುವ ಸಾಮಾನು ಅಷ್ಟು ಕಡಿಮೆ. ಸೀರೆ, ಚೂಡಿದಾರದವರಿಗೂ ವಯಸ್ಸಾದವರಿಗೂ ಲೇಡೀಸ್ ಸೈಕಲ್ಲನ್ನೇ ಹೇಳುತ್ತೇನೆ. ನೆಲ ಜಾರುವಾಗ ಥಟ್ಟನೆ ಕಾಲು ಇಳಿಸಬಹುದು, ಇದು ಗಂಡಸರಿಗೂ ಅಷ್ಟೇ ನಿಜ.

ಎಲೆಕ್ಟ್ರಿಕ್ ಸೈಕಲ್ ನೋಡುತ್ತಿರುವವರಿಗೆ ಒಂದೇ ಮಾತು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ತಾಸಿಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದವಕ್ಕೆ ನೋಂದಣಿ ಬೇಡ, ಎದುರುಗಾಳಿಗೆ ಬಹಳ ಅನುಕೂಲ. ಆದರೆ ಗಾಲಿಯ ನಡುಮಟ್ಟ ಮುಳುಗುವ ನೀರಿನಲ್ಲಿ ಇಳಿಸಬೇಡಿ.

ಕಾಲಿಗೆ, ಬ್ಯಾಗಿಗೆ, ಬೆಳಕಿಗೆ

ಹವಾಯಿ ಚಪ್ಪಲಿ ಒದ್ದೆ ಪೆಡಲ್ ಮೇಲೆ ಜಾರುತ್ತದೆ. ಬೂಟು ನೆನೆದರೆ ಎರಡು ದಿನ ಒಣಗುವುದಿಲ್ಲ. ಗಮ್‌ಬೂಟಿನೊಳಗೆ ಮೇಲಿನಿಂದ ನೀರು ಇಳಿದು ತುಂಬಿಕೊಳ್ಳುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ ಹೋಗಿ, ಬೂಟನ್ನು ಆಫೀಸಿನಲ್ಲೇ ಇಡಿ.

ಬ್ಯಾಗಿಗೆ ಹೊರಗಿನಿಂದ ಹಾಕುವ ಕವರ್‌ಗಿಂತ ಒಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲ ನಂಬಿಗಸ್ಥ. ಕವರ್ ಗಾಳಿಗೆ ಹಾರುತ್ತದೆ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬುತ್ತಿಯನ್ನು ಬೇರೆ ಕಟ್ಟಿ. ನೀರು ಹೊಕ್ಕ ಕಟಕ ರೊಟ್ಟಿಯನ್ನು ಯಾರೂ ತಿನ್ನಲಾರರು. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರಿಗೆ ಕಟ್ಟಿದರೆ ಬೆನ್ನಿನ ಬೆವರೂ ಕಡಿಮೆಯಾಗುತ್ತದೆ.

ಟೈರಿಗೆ ತಾಗಿ ತಿರುಗುವ ಹಳೆಯ ಡೈನಮೊ ಒದ್ದೆ ಟೈರಿನ ಮೇಲೆ ಜಾರಿ, ಬೇಕಾದ ಹೊತ್ತಿಗೇ ಬೆಳಕು ಮಂಕಾಗುತ್ತದೆ. ಚಾರ್ಜ್ ಮಾಡುವ ಎಲ್‌ಇಡಿ ಮುಂದೊಂದು, ಹಿಂದೆ ಕೆಂಪಗೆ ಒಂದು. ಹಿಂದಿನದನ್ನು ಹಗಲಿನ ಮಳೆಯಲ್ಲೂ ಹಚ್ಚಿ. ಚೈನಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಒಂದೇ ಮಳೆಗೆ ತೊಳೆದು ಹೋಗುತ್ತದೆ, ಎಂಜಿನ್ ಆಯಿಲ್ ಹಾಕಿದರೆ ಉಸುಕು ಅಂಟಿ ಅರೆಯುತ್ತದೆ. ಎರಡಕ್ಕಿಂತಲೂ ಸೈಕಲ್ ಚೈನಿನ ಎಣ್ಣೆಯೇ ಸರಿ. ದಿನಾ ರಾತ್ರಿ ಹಳೆಯ ಬಟ್ಟೆಯಿಂದ ಚೈನು ಒರಸಿ, ವಾರಕ್ಕೊಮ್ಮೆ ಎರಡು ಹನಿ.

ದಾರಿ, ಮತ್ತು ಚಿಗರಿ

ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ನಡುವಿನ ಲೇನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನದು, ಅಲ್ಲಿ ಸೈಕಲ್ ಒಯ್ಯಬಾರದು. ಪಕ್ಕದ ಲೇನಿನಲ್ಲಿ ಮಳೆಗಾಲದ ಮುಂಜಾನೆ ಕಾರು, ಲಾರಿ, ಆಟೊ ಎಲ್ಲ ಒತ್ತಿಕೊಂಡು ಬರುತ್ತವೆ. ಒಳರಸ್ತೆ ಇದ್ದರೆ ಒಂದು ಕಿಲೋಮೀಟರು ಹೆಚ್ಚಾದರೂ ಅದನ್ನೇ ಹಿಡಿಯಿರಿ. ನೀರು ತುಂಬಿದ ತಗ್ಗಿನ ಆಳ ಕಣ್ಣಿಗೆ ಕಾಣುವುದಿಲ್ಲ, ಸುತ್ತಿ ಹೋಗಿ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ರೈಲು ಹಳಿ ಮೂರೂ ಒದ್ದೆಯಾದಾಗ ಜಾರುತ್ತವೆ. ಹಳಿಯನ್ನು ನೇರ ಅಡ್ಡ ದಾಟಬೇಕು. ಗಬ್ಬೂರು-ನರೇಂದ್ರ ಬೈಪಾಸಿನ ಕಡೆ ಮಳೆಯಲ್ಲಿ ಸೈಕಲ್ ತಿರುಗಿಸಲೇಬೇಡಿ.

ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು ದಿನಾ ಹೋಗುವವರಿಗೆ ನಾನು ಪೂರ್ತಿ ಸೈಕಲ್ ಹೇಳುವುದಿಲ್ಲ. ಮನೆಯಿಂದ ನಿಲ್ದಾಣದ ತನಕ ಸೈಕಲ್, ಮುಂದೆ ಚಿಗರಿ. ಎಂಟು-ಹತ್ತು ಕಿಲೋಮೀಟರಿನ ಒಳಗಿನವರಿಗೆ ಸ್ಕೂಟರಿಗಿಂತ ಸೈಕಲ್ಲೇ ಹಿತ ಎಂಬುದು ನನ್ನ ಅನುಭವ, ಮೈ ಬಿಸಿಯಾಗಿ ಇರುತ್ತದೆ ಎಂಬ ಒಂದು ಕಾರಣಕ್ಕೇ.

ಡಿಸೆಂಬರಿನ ಮುಂಜಾನೆ

ಚಳಿಯ ಲೆಕ್ಕ ಬೇರೆ. ಡಿಸೆಂಬರ್, ಜನವರಿಯ ನಸುಕಿನಲ್ಲಿ, ಮೊದಲ ಪಾಳಿಗೆ ಹೋಗುವವರಿಗೆ, ಎದೆಗೆ, ಕಿವಿಗೆ, ಬೆರಳಿಗೆ ಗಾಳಿ ಚುಚ್ಚುತ್ತದೆ. ದಪ್ಪ ಸ್ವೆಟರ್ ಹಾಕಿದರೆ ಹತ್ತು ನಿಮಿಷಕ್ಕೆ ಬೆವರು, ಆಮೇಲೆ ಆ ಬೆವರಿಗೇ ನಡುಕ; ಉಣ್ಣೆ ಗಾಳಿಯನ್ನು ತಡೆಯುವುದಿಲ್ಲ, ನಡುವೆ ಹೊಕ್ಕು ಬರುತ್ತದೆ. ಜರ್ಕಿನ್ ಸ್ಕೂಟರಿಗೆ ಸರಿ. ಸೈಕಲ್ಲಿಗೆ ಮಳೆಗಾಲದ ಅದೇ ತೆಳು ವಿಂಡ್‌ಚೀಟರ್, ಒಳಗೊಂದು ತುಂಬುತೋಳಿನ ಅಂಗಿ. ಮನೆಯ ಬಾಗಿಲಲ್ಲಿ ತುಸು ಚಳಿ ಅನ್ನಿಸಬೇಕು, ಆಗ ಅಳತೆ ಸರಿ ಅಂತ. ತೀರ ಚಳಿ ಇದ್ದ ದಿನ ಅಂಗಿಯ ಒಳಗೆ ಎದೆಯ ಮೇಲೆ ಒಂದು ಹಳೆಯ ಪೇಪರು ಮಡಚಿ ಇಟ್ಟುಕೊಳ್ಳುತ್ತೇನೆ, ಗಾಳಿ ಒಳಗೆ ಬರುವುದಿಲ್ಲ. ಕಿವಿಗೆ ಮಫ್ಲರ್ ಬೇಡ, ತುದಿ ಇಳಿದು ಗಾಲಿಗೆ ಸಿಗುತ್ತದೆ. ಹೆಲ್ಮೆಟ್ಟಿನ ಕೆಳಗೆ ತೆಳು ಕಿವಿಪಟ್ಟಿ ಸಾಕು. ಕೈಗವಸು ಮಾತ್ರ ಬೇಕು, ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲಾರದು.

ಅಕ್ಕನ ಮಗ ಕೊನೆಗೆ ಹೈಬ್ರಿಡ್ ತೆಗೆದುಕೊಂಡ: ಅಲ್ಯೂಮಿನಿಯಂ ರಿಮ್ಮು, ರಬ್ಬರ್ ಬ್ರೇಕ್, ಪೂರ್ತಿ ಮಡ್‌ಗಾರ್ಡ್ ಬೇರೆ ಹಾಕಿಸಿದ. ಅಂಗಡಿಯಿಂದಲೇ ಮತ್ತೆ ಫೋನ್ ಬಂತು. “ಮಾಮಾ, ವಿಂಡ್‌ಚೀಟರ್ ಕರೇದು ಚೊಲೋ ಕಾಣ್ತೈತಿ, ಕೆಸರೂ ಕಾಣೂದಿಲ್ಲ. ತಗೊಳ್ಲೇನು?” ಬೇಡ ಎಂದೆ. ಜುಲೈ ಸಂಜೆ ಆರಕ್ಕೆ ಆಕಾಶ ಬೂದಿ, ರಸ್ತೆ ಕಪ್ಪು. ಲಾರಿಯ ಗಾಜಿನ ಮೇಲೆ ವೈಪರ್ ಆಡುತ್ತಿರುತ್ತದೆ, ಅದರ ಎರಡು ಎಳೆತದ ನಡುವೆ ಡ್ರೈವರಿಗೆ ನೀನು ಕಾಣಬೇಕು. “ಹಳದೀ ತಗೋ” ಎಂದೆ.